ಎರಡು ಪದಗಳ ವಾಗ್ವಾದ ಮತ್ತು ನಮ್ಮ ಮನೆಬಾಗಿಲು

(ಶಿರ್ತಾಡಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಈ ಸೀಮೆಯ ಅನೇಕ ಮನೆಗಳಲ್ಲಿ ಕಬ್ಬಿಣದ ಪೆಟ್ಟಿಗೆಯ ತಳದಲ್ಲಿ ಮಡಚಿಟ್ಟ ಒಂದು ಹಳೆಯ ಕಾಗದವಿರುತ್ತದೆ. ಭೂ ನ್ಯಾಯಮಂಡಳಿಯ ಆದೇಶದ ಪ್ರತಿ ಅದು. ನಮ್ಮ ಹಿರಿಯರು ಅದನ್ನು ‘ಡಿಕ್ಲರೇಶನ್’ ಎಂದೇ ಕರೆಯುತ್ತಾರೆ. ಧನಿಗಳ ಮನೆಗೆ ವರ್ಷ ವರ್ಷವೂ ಗೇಣಿಯ ಅಕ್ಕಿಮುಡಿ ಹೊತ್ತವರ ಮಕ್ಕಳು ಆ ಕಾಗದದ ಬಲದಿಂದ ಅದೇ ಗದ್ದೆಯ ಒಡೆಯರಾದರು. ಇನ್ನೊಂದು ಬಗೆಯ ಮನೆಗಳೂ ನಮ್ಮ ಜಿಲ್ಲೆಯಲ್ಲಿವೆ. ರಾತ್ರಿ ಹೊತ್ತು ಮಗನನ್ನು ಕರೆದೊಯ್ದರು, ಏಕೆಂದು ಹೇಳಲಿಲ್ಲ, ಎಲ್ಲಿಗೆಂದು ಹೇಳಲಿಲ್ಲ ಎಂದು ತಾಯಿ ಬಾಗಿಲಲ್ಲಿ ನಿಂತು ಅತ್ತ ಮನೆಗಳು. ಈ ಎರಡು ಬಗೆಯ ಮನೆಗಳಿಗೂ ಸಂಬಂಧವೇನು ಎಂದು ತಾವು ಕೇಳಬಹುದು. ಸಂಬಂಧವಿದೆ. 1947 ಮತ್ತು 1948ರಲ್ಲಿ ದಿಲ್ಲಿಯಲ್ಲಿ ನಡೆದ ಒಂದು ವಾಗ್ವಾದದಲ್ಲಿ ಎರಡರ ಬೇರೂ ಇದೆ. ಇಂದು ನಾವು ಮಾತನಾಡಬೇಕೆಂದಿರುವುದು ಆ ವಾಗ್ವಾದದ ಕುರಿತು.

ಸಂವಿಧಾನವೆಂದರೆ ಹಲವು ಮಹನೀಯರು ಒಮ್ಮನಸ್ಸಿನಿಂದ ಬರೆದ ಪವಿತ್ರ ಗ್ರಂಥ ಎಂಬ ಭಾವನೆ ನಮ್ಮ ಶಾಲಾ ಪಾಠಗಳಿಂದ ಬಂದಿದೆ. ಜನವರಿ 26ರಂದು ಮಾಡುವ ಭಾಷಣಗಳೂ ಅದನ್ನೇ ಗಟ್ಟಿಗೊಳಿಸುತ್ತವೆ. ವಾಸ್ತವ ಹಾಗಿರಲಿಲ್ಲ. ಅಲ್ಲಿ ಕುಳಿತವರ ನಡುವೆ ಆಳವಾದ ಭಿನ್ನಾಭಿಪ್ರಾಯಗಳಿದ್ದವು. ಜನರು ಆರಿಸಿದ ಶಾಸನಸಭೆಯನ್ನು ನಂಬಬೇಕೋ, ಅಥವಾ ಆ ಶಾಸನಸಭೆಯ ಮೇಲೂ ಕಣ್ಣಿಡುವ ನ್ಯಾಯಾಲಯವನ್ನು ನಂಬಬೇಕೋ ಎಂಬುದು ಅವುಗಳಲ್ಲಿ ಬಹಳ ದೊಡ್ಡದು. ಅಮೆರಿಕದ ಸ್ಥಾಪಕರೂ ಇದೇ ಪ್ರಶ್ನೆಯಲ್ಲಿ ಒಡೆದುಹೋಗಿದ್ದರು. ಶಾಸನಸಭೆಯ ಅತಿರೇಕಕ್ಕೆ ನ್ಯಾಯಾಧೀಶರೇ ತಡೆ ಎಂದು ಹ್ಯಾಮಿಲ್ಟನ್ 1788ರಲ್ಲೇ ವಾದಿಸಿದ್ದ. ನ್ಯಾಯಾಧೀಶರ ಕೈಗೆ ಕೊನೆಯ ಮಾತು ಕೊಟ್ಟರೆ ಕೆಲವೇ ಮಂದಿಯ ಆಳ್ವಿಕೆ ಬರುತ್ತದೆ ಎಂದು ಜೆಫರ್ಸನ್ ಎಚ್ಚರಿಸಿದ. ನಮ್ಮಲ್ಲಿ ಅದೇ ಜಗಳ ಎರಡು ಪದಗುಚ್ಛಗಳ ರೂಪ ತಾಳಿತು.

ಒಂದು, ‘ಡ್ಯೂ ಪ್ರೊಸೆಸ್ ಆಫ್ ಲಾ’. ನ್ಯಾಯೋಚಿತ ಪ್ರಕ್ರಿಯೆ ಎಂದು ಅನುವಾದಿಸಬಹುದು. ಇದಿದ್ದರೆ, ನಿಮ್ಮನ್ನು ಬಂಧಿಸಿದ ಕಾನೂನೇ ನ್ಯಾಯವೋ ಅನ್ಯಾಯವೋ ಎಂದು ನ್ಯಾಯಾಲಯ ಕೇಳಬಹುದು. ಇನ್ನೊಂದು, ‘ಕಾನೂನಿನ ಮೂಲಕ ಸ್ಥಾಪಿತವಾದ ಕಾರ್ಯವಿಧಾನ’. ಇದರ ನೇರ ಅರ್ಥದ ಪ್ರಕಾರ, ಶಾಸನಸಭೆ ಒಂದು ಕಾನೂನು ಮಾಡಿದೆಯೇ, ಅಧಿಕಾರಿ ಅದರಂತೆ ನಡೆದಿದ್ದಾನೆಯೇ ಎಂದಷ್ಟೇ ನ್ಯಾಯಾಧೀಶರು ನೋಡಬೇಕು. ಆ ಕಾನೂನು ಒಳ್ಳೆಯದೋ ಕೆಟ್ಟದೋ ಎಂಬುದು ಅವರ ಕೆಲಸವಲ್ಲ.

1947ರ ಆರಂಭದಲ್ಲಿ ಮೂಲಭೂತ ಹಕ್ಕುಗಳ ಉಪಸಮಿತಿ ಮೊದಲನೆಯ ಪದಗುಚ್ಛವನ್ನೇ ಒಪ್ಪಿಕೊಂಡಿತ್ತು. ಕೆ. ಎಂ. ಮುನ್ಷಿ ಅದರ ದೊಡ್ಡ ಸಮರ್ಥಕರು. ಆಕ್ಷೇಪ ಬಂದದ್ದು ಸಂಯುಕ್ತ ಪ್ರಾಂತದ ಪ್ರಧಾನಿ ಗೋವಿಂದ ವಲ್ಲಭ ಪಂತರಿಂದ. ಅವರ ಪ್ರಾಂತದಲ್ಲಿ ಜಮೀನ್ದಾರಿ ರದ್ದತಿಯ ಸಿದ್ಧತೆ ನಡೆಯುತ್ತಿತ್ತು. ಈ ಪದಗಳನ್ನು ಉಳಿಸಿಕೊಂಡರೆ ಜಮೀನ್ದಾರರು ನ್ಯಾಯಾಲಯಕ್ಕೆ ಹೋಗುತ್ತಾರೆ, ಉಳುವವನಿಗೆ ಭೂಮಿ ಕೊಡುವ ಕಾನೂನು ಅಲ್ಲಿ ಸಾಯುತ್ತದೆ ಎಂಬುದು ಅವರ ಆತಂಕ. ಅದರ ಫಲವಾಗಿ ಆ ವಿಧಿಯಿಂದ ಆಸ್ತಿಯ ಮಾತನ್ನು ಬೇರ್ಪಡಿಸಲಾಯಿತು. ಜೀವ ಮತ್ತು ಸ್ವಾತಂತ್ರ್ಯದ ಮಟ್ಟಿಗೆ ‘ಡ್ಯೂ ಪ್ರೊಸೆಸ್’ ಉಳಿಯಿತು.

ಇಲ್ಲಿ ನಮ್ಮ ಜಿಲ್ಲೆಯವರೊಬ್ಬರ ಪ್ರವೇಶವಾಗುತ್ತದೆ. ಬೆನೆಗಲ್ ನರಸಿಂಗ ರಾವ್. 1887ರಲ್ಲಿ ಮಂಗಳೂರಿನಲ್ಲಿ ಜನಿಸಿ, ಅಲ್ಲಿನ ಕೆನರಾ ಹೈಸ್ಕೂಲಿನಲ್ಲಿ ಓದಿ, ಕೇಂಬ್ರಿಡ್ಜ್‌ಗೆ ಹೋಗಿ ಐ.ಸಿ.ಎಸ್. ಆದವರು. ಅವರ ಒಬ್ಬ ತಮ್ಮ ರಿಸರ್ವ್ ಬ್ಯಾಂಕಿನ ಗವರ್ನರ್ ಆದರು. ಇನ್ನೊಬ್ಬ ತಮ್ಮ ಬಿ. ಶಿವ ರಾವ್ ಪತ್ರಕರ್ತರಾಗಿ, ಸಂವಿಧಾನ ಸಭೆಯ ಸದಸ್ಯರಾಗಿ, 1952ರಲ್ಲಿ ದಕ್ಷಿಣ ಕನ್ನಡದಿಂದಲೇ ಲೋಕಸಭೆಗೆ ಹೋದರು. ನರಸಿಂಗ ರಾಯರು ಸಭೆಯ ಸದಸ್ಯರಾಗಿರಲಿಲ್ಲ, ಮತವೂ ಇರಲಿಲ್ಲ. ಅವರು ಸಾಂವಿಧಾನಿಕ ಸಲಹೆಗಾರರು. 1947ರ ಅಕ್ಟೋಬರಿನಲ್ಲಿ ಸಿದ್ಧವಾದ ಮೊದಲ ಕರಡು ಅವರದು. ಹೀಗಿದ್ದೂ ಮಂಗಳೂರಿನ ನಮ್ಮ ಎಷ್ಟು ಮಂದಿ ವಿದ್ಯಾವಂತರಿಗೆ ಈ ಹೆಸರು ಗೊತ್ತು? ಅದು ಬೇರೆ ದುಃಖ, ಇರಲಿ.

ಕರಡು ಮುಗಿಸಿದ ರಾಯರು ಅಮೆರಿಕ, ಕೆನಡಾ, ಐರ್ಲೆಂಡ್, ಇಂಗ್ಲೆಂಡ್‌ಗಳಿಗೆ ಹೋಗಿ ಅಲ್ಲಿನ ನ್ಯಾಯವೇತ್ತರನ್ನು ಕಂಡರು. ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರ ಮಾತು ರಾಯರ ಮೇಲೆ ಗಾಢ ಪರಿಣಾಮ ಬೀರಿತು. ಈ ಎರಡು ಪದಗಳ ಬಲದಿಂದ ಬೆರಳೆಣಿಕೆಯ ನ್ಯಾಯಾಧೀಶರು ಜನಪ್ರತಿನಿಧಿಗಳ ಕಾನೂನನ್ನು ತಳ್ಳಿಹಾಕುವುದು ಪ್ರಜಾಪ್ರಭುತ್ವಕ್ಕೆ ಒಪ್ಪುವುದಿಲ್ಲ, ನ್ಯಾಯಾಲಯಕ್ಕೂ ಅದು ಅನುಚಿತ ಹೊರೆ ಎಂಬುದು ಫ್ರಾಂಕ್‌ಫರ್ಟರ್ ಅಭಿಪ್ರಾಯ. ಆ ಮಾತನ್ನು ನಾವು ಲಘುವಾಗಿ ಕಾಣಬಾರದು. ಬೇಕರಿ ಕಾರ್ಮಿಕರನ್ನು ದಿನಕ್ಕೆ ಹತ್ತು ಗಂಟೆಗಿಂತ ಹೆಚ್ಚು ದುಡಿಸಬಾರದೆಂದು ನ್ಯೂಯಾರ್ಕ್ ರಾಜ್ಯ ಮಾಡಿದ ಕಾನೂನನ್ನು ಅಮೆರಿಕದ ಸುಪ್ರೀಂ ಕೋರ್ಟ್ 1905ರಲ್ಲಿ ಇದೇ ‘ಡ್ಯೂ ಪ್ರೊಸೆಸ್’ನ ಹೆಸರಿನಲ್ಲಿ ರದ್ದುಗೊಳಿಸಿತ್ತು. ಬಡವರ ಪರವಾದ ಕಾನೂನುಗಳು ಶ್ರೀಮಂತರ ವಕೀಲರ ಕೈಯಲ್ಲಿ ನೆಲಕಚ್ಚಿದ್ದನ್ನು ಫ್ರಾಂಕ್‌ಫರ್ಟರ್ ಕಣ್ಣಾರೆ ಕಂಡಿದ್ದರು.

ರಾಯರು ಹಿಂತಿರುಗಿದರು. 1948ರ ಆರಂಭದಲ್ಲಿ ಕರಡು ಸಮಿತಿ ‘ಡ್ಯೂ ಪ್ರೊಸೆಸ್’ ಅನ್ನು ಕೈಬಿಟ್ಟು, 1946ರ ಜಪಾನ್ ಸಂವಿಧಾನದ 31ನೇ ವಿಧಿಯಿಂದ ಎರಡನೆಯ ಪದಗುಚ್ಛವನ್ನು ತಂದು ಅಲ್ಲಿರಿಸಿತು. ಇಂದಿನ 21ನೇ ವಿಧಿಯ ಮಾತು ಅದು.

1948ರ ಡಿಸೆಂಬರ್ 6ರಂದು ವಿಷಯ ಸಭೆಯ ಮುಂದೆ ಬಂತು. ಆ ದಿನದ ನಡಾವಳಿಯನ್ನು ನಮ್ಮ ಯುವಕರು ಒಮ್ಮೆಯಾದರೂ ಓದಬೇಕು. ‘ಡ್ಯೂ ಪ್ರೊಸೆಸ್’ ಮರಳಿ ಬರಬೇಕೆಂದು ತಿದ್ದುಪಡಿ ಮಂಡಿಸಿದವರು ಮಧ್ಯಪ್ರಾಂತದ ಕಾಜಿ ಸೈಯದ್ ಕರೀಮುದ್ದೀನ್. ಜಪಾನಿನಿಂದ ಒಂದು ವಿಧಿಯನ್ನು ಮಾತ್ರ ಕಿತ್ತು ತಂದಿದ್ದೀರಿ, ಅದಕ್ಕೆ ರಕ್ಷೆಯಾಗಿ ಅಲ್ಲೇ ಇದ್ದ ಇತರ ವಿಧಿಗಳನ್ನು ಏಕೆ ಬಿಟ್ಟಿರಿ ಎಂದು ಮದ್ರಾಸಿನ ಮಹಬೂಬ್ ಅಲಿ ಬೇಗ್ ಪ್ರಶ್ನಿಸಿದರು. ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತದಲ್ಲಿತ್ತೆಂಬುದನ್ನು ನೆನಪಿಡೋಣ. ಅವರು ಪರೋಕ್ಷವಾಗಿ ನಮ್ಮ ಪ್ರತಿನಿಧಿಯೂ ಹೌದು. ಸಂಯುಕ್ತ ಪ್ರಾಂತದ ಝಡ್. ಎಚ್. ಲಾರಿ ಇವರನ್ನು ಬೆಂಬಲಿಸಿದರು. ಮುನ್ಷಿಯೂ ಅದೇ ಪರ ವಾದಿಸಿದರು. ಬೇರೆ ಹತ್ತಾರು ವಿಷಯಗಳಲ್ಲಿ ಮುಸ್ಲಿಮ್ ಸದಸ್ಯರೊಂದಿಗೆ ಮುನ್ಷಿ ಕಟುವಾಗಿ ಸೆಣಸಿದವರು. ಸಮಾನ ನಾಗರಿಕ ಸಂಹಿತೆಯ ಕುರಿತು ಎರಡು ವಾರ ಮೊದಲಷ್ಟೇ, ನವೆಂಬರ್ 23ರಂದು, ಇದೇ ಮಹಬೂಬ್ ಅಲಿ ಬೇಗ್ ಒಂದು ಕಡೆ, ಮುನ್ಷಿ ಇನ್ನೊಂದು ಕಡೆ ಇದ್ದರು. ಈಗ ಇಬ್ಬರೂ ಒಂದೇ ದಡದಲ್ಲಿ. ಎದುರು ದಡದಲ್ಲಿ ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರ್ ಅಮೆರಿಕದ ಅನುಭವವನ್ನು ಮುಂದಿಟ್ಟು ಕರಡನ್ನು ಸಮರ್ಥಿಸಿದರು.

ಡಿಸೆಂಬರ್ 13ರಂದು ಡಾ. ಅಂಬೇಡ್ಕರ್ ಉತ್ತರಿಸಿದರು. ಇದು ಅವರ ಅತ್ಯಂತ ಪ್ರಾಮಾಣಿಕ ಭಾಷಣಗಳಲ್ಲಿ ಒಂದು ಎಂದು ನಮಗನಿಸುತ್ತದೆ. ಪಕ್ಷದ ಮಂದಿಯಿಂದ ತುಂಬಿದ ಶಾಸನಸಭೆ ಜನರ ಸ್ವಾತಂತ್ರ್ಯವನ್ನು ಕಸಿಯುವ ಕಾನೂನು ಮಾಡಬಹುದು. ಐದಾರು ನ್ಯಾಯಾಧೀಶರು ತಮ್ಮ ಸ್ವಂತ ಒಲವುಗಳಿಂದ ಒಳ್ಳೆಯ ಕಾನೂನನ್ನು ಕೆಡವಲೂಬಹುದು. ಎರಡು ಅಪಾಯಗಳನ್ನೂ ತೆರೆದಿಟ್ಟು, ಯಾವುದು ಹೆಚ್ಚು ಎಂದು ತಾನು ಖಚಿತವಾಗಿ ಹೇಳಲಾರೆನೆಂದು ಒಪ್ಪಿಕೊಂಡು, ತೀರ್ಮಾನವನ್ನು ಸಭೆಗೆ ಬಿಟ್ಟರು. ತಿದ್ದುಪಡಿ ಬಿದ್ದುಹೋಯಿತು.

ಸಂವಿಧಾನ ಸಭೆಯ ಮುಸ್ಲಿಮ್ ಸದಸ್ಯರೆಂದರೆ ನಮಗೆ ನೆನಪಿಗೆ ಬರುವುದು 1947ರ ಆಗಸ್ಟ್ 27ರಂದು ಬಿ. ಪೋಕರ್ ಸಾಹೇಬರು ಮಂಡಿಸಿದ ಪ್ರತ್ಯೇಕ ಮತಕ್ಷೇತ್ರದ ಬೇಡಿಕೆ, ಅದಕ್ಕೆ ಸರ್ದಾರ್ ಪಟೇಲರು ಕೊಟ್ಟ ಖಾರವಾದ ಉತ್ತರ. ನಮ್ಮನ್ನು ಟೀಕಿಸುವವರಿಗೂ ಅದೇ ನೆನಪು, ನಮಗೂ ಅದೇ. ಕರೀಮುದ್ದೀನರ ತಿದ್ದುಪಡಿಯನ್ನು ಎರಡೂ ಕಡೆಯವರು ಮರೆತಿದ್ದಾರೆ. ಅದರಲ್ಲಿ ಮುಸ್ಲಿಮರಿಗೆ ಮಾತ್ರವೆಂದು ಏನೂ ಇರಲಿಲ್ಲ. ಜೈಲಿಗೆ ಹೋಗಬಹುದಾದ ಯಾವ ಭಾರತೀಯನಿಗೂ ಅದು ಸಲ್ಲುತ್ತಿತ್ತು. ಒಂದು ಸಮುದಾಯ ತನ್ನ ಹಿರಿಯರ ಯಾವ ಮಾತನ್ನು ನೆನಪಿಟ್ಟುಕೊಳ್ಳುತ್ತದೆ ಎಂಬುದೂ ಆ ಸಮುದಾಯದ ರಾಜಕೀಯವೇ ಅಲ್ಲವೇ?

ತಿದ್ದುಪಡಿ ಸೋತರೂ ಅದರ ಮುಳ್ಳು ಅಂಬೇಡ್ಕರರನ್ನು ಚುಚ್ಚುತ್ತಲೇ ಇತ್ತು. 1949ರ ಸೆಪ್ಟೆಂಬರ್ 15ರಂದು ಅವರು ಹೊಸ ವಿಧಿಯೊಂದನ್ನು ತಂದರು. ಹಿಂದೆ ಆದ ನಷ್ಟಕ್ಕೆ ಇದು ಪರಿಹಾರ ಎಂಬರ್ಥದ ಮಾತನ್ನು ಅವರೇ ಆಡಿದರು. ಇಂದಿನ 22ನೇ ವಿಧಿ ಅದು. ಬಂಧಿಸಿದವನಿಗೆ ಕಾರಣ ತಿಳಿಸಬೇಕು, ಅವನಿಗೆ ತನ್ನ ಆಯ್ಕೆಯ ವಕೀಲನನ್ನು ಕಾಣುವ ಹಕ್ಕಿದೆ, 24 ಗಂಟೆಗಳೊಳಗೆ (ಪ್ರಯಾಣದ ಸಮಯ ಬಿಟ್ಟು) ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಆದರೆ ಅದೇ ವಿಧಿಯ ಹೊಟ್ಟೆಯಲ್ಲಿ ವಿನಾಯಿತಿಯೂ ಕುಳಿತಿತು. ಮುನ್ನೆಚ್ಚರಿಕೆಯ ಬಂಧನಕ್ಕೆ, ಅಂದರೆ ಅಪರಾಧ ಮಾಡಿದ್ದಕ್ಕಲ್ಲ, ಮಾಡಬಹುದೆಂಬ ಶಂಕೆಗೆ ಆಗುವ ಬಂಧನಕ್ಕೆ, ಈ ವಕೀಲರ ಹಕ್ಕೂ ಇಲ್ಲ, 24 ಗಂಟೆಯ ನಿಯಮವೂ ಇಲ್ಲ. ಸ್ವಾತಂತ್ರ್ಯ ಹೋರಾಟದಲ್ಲಿ ಬ್ರಿಟಿಷರ ಇಂಥದೇ ಕಾನೂನುಗಳಡಿ ಜೈಲು ಕಂಡವರೇ ಇದಕ್ಕೆ ಕೈಯೆತ್ತಿದರು. ವಿಭಜನೆಯ ರಕ್ತಪಾತ, ತೆಲಂಗಾಣದ ಸಶಸ್ತ್ರ ಹೋರಾಟ, ಎಲ್ಲವೂ ಆಗ ಕಣ್ಣೆದುರಿಗಿದ್ದವು. ಅವರ ಭಯಕ್ಕೆ ಕಾರಣವಿರಲಿಲ್ಲವೆಂದು ನಾವು ಹೇಳಲಾರೆವು.

ಗಣರಾಜ್ಯವಾಗಿ ಒಂದು ತಿಂಗಳಾಗುವಷ್ಟರಲ್ಲಿ, 1950ರ ಫೆಬ್ರವರಿಯಲ್ಲಿ, ಮುನ್ನೆಚ್ಚರಿಕೆಯ ಬಂಧನದ ಕಾಯ್ದೆ ಬಂತು. ಅದರ ವಿರುದ್ಧ ಮೊದಲು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದವರು ಕಮ್ಯುನಿಸ್ಟ್ ನಾಯಕ ಎ. ಕೆ. ಗೋಪಾಲನ್. ಮುಂದೆ 1957ರಿಂದ ಮೂರು ಬಾರಿ ಕಾಸರಗೋಡಿನಿಂದ ಲೋಕಸಭೆಗೆ ಆಯ್ಕೆಯಾದವರು. 1947ರ ಡಿಸೆಂಬರಿನಿಂದಲೇ ಅವರನ್ನು ಮದ್ರಾಸ್ ಸರಕಾರ ಒಳಗಿಟ್ಟಿತ್ತು. ಅವರ ಪರ ವಾದಿಸಿದ ಎಂ. ಕೆ. ನಂಬಿಯಾರರೋ, ಮದ್ರಾಸಿಗೆ ಹೋಗುವ ಮೊದಲು ಮಂಗಳೂರಿನಲ್ಲಿ ವಕೀಲಿ ನಡೆಸಿದವರು! ಕರಡಿನಿಂದ ‘ಡ್ಯೂ ಪ್ರೊಸೆಸ್’ ಹೋಗಲು ಕಾರಣರಾದವರೂ ಮಂಗಳೂರಿನವರು, ಅದರ ತಿರುಳನ್ನು ನ್ಯಾಯಾಲಯದ ಮೂಲಕ ಮರಳಿ ತರಲು ಮೊದಲು ಹೆಣಗಿದವರೂ ಮಂಗಳೂರಿನ ನ್ಯಾಯಾಲಯಗಳಲ್ಲಿ ಪಳಗಿದವರು. ಕಾನೂನು ಎಂದರೆ ಶಾಸನಸಭೆ ಅಚ್ಚುಹಾಕಿದ್ದೆಲ್ಲವೂ ಅಲ್ಲ, ಸಹಜ ನ್ಯಾಯದ ತತ್ವಗಳೂ ಅದರಲ್ಲಿ ಅಡಕವಾಗಿವೆ ಎಂದು ನಂಬಿಯಾರರು ವಾದಿಸಿದರು.

1950ರ ಮೇ 19ರಂದು ತೀರ್ಪು ಬಂತು. ಗೋಪಾಲನ್ ಸೋತರು. ಸಭೆ ಬೇಕೆಂದೇ ‘ಡ್ಯೂ ಪ್ರೊಸೆಸ್’ ಅನ್ನು ಬಿಟ್ಟಿರುವಾಗ ನಾವು ಅದನ್ನು ಹಿಂಬಾಗಿಲಿನಿಂದ ತರಲಾಗದು ಎಂಬುದು ಬಹುಮತದ ಧೋರಣೆ. ಬಂಧನದ ಕಾರಣಗಳನ್ನು ನ್ಯಾಯಾಲಯಕ್ಕೂ ತಿಳಿಸಬಾರದೆಂದಿದ್ದ 14ನೇ ಸೆಕ್ಷನ್ ಮಾತ್ರ ಬಿದ್ದುಹೋಯಿತು. ಆರು ಮಂದಿಯ ಪೀಠದಲ್ಲಿ ನ್ಯಾಯಮೂರ್ತಿ ಸೈಯದ್ ಫಜಲ್ ಅಲಿ ಭಿನ್ನಮತ ಬರೆದರು. ನೋಟೀಸು, ಹೇಳಿಕೊಳ್ಳಲು ಅವಕಾಶ, ಪಕ್ಷಪಾತವಿಲ್ಲದ ವಿಚಾರಣಾಧಿಕಾರಿ, ಕ್ರಮಬದ್ಧ ವಿಚಾರಣೆ, ಇವಿಲ್ಲದ್ದನ್ನು ಕಾರ್ಯವಿಧಾನ ಎನ್ನಲಾಗದು ಎಂದರು. ಕನ್ನಡಿಗರಿಗೆ ಫಜಲ್ ಅಲಿ ಎಂದೊಡನೆ ರಾಜ್ಯ ಪುನರ್ವಿಂಗಡಣಾ ಆಯೋಗ, ಕಾಸರಗೋಡು ಕೈತಪ್ಪಿದ ನೋವು ನೆನಪಾಗುತ್ತದೆ. ಅದೇ ವ್ಯಕ್ತಿ ಇವರು. ಅವರ ಇನ್ನೊಂದು ಬರಹವನ್ನೂ ನಾವು ತಿಳಿದಿರುವುದು ನ್ಯಾಯ.

ಈಗ ಮೊದಲು ಹೇಳಿದ ಕಬ್ಬಿಣದ ಪೆಟ್ಟಿಗೆಗೆ ಮರಳೋಣ. ಪಂತರ ಭಯ ಸುಳ್ಳಾಗಲಿಲ್ಲ. 1951ರ ಮಾರ್ಚಿನಲ್ಲಿ ಪಾಟ್ನಾ ಹೈಕೋರ್ಟ್ ಬಿಹಾರದ ಭೂಸುಧಾರಣಾ ಕಾಯ್ದೆಯನ್ನು ರದ್ದುಗೊಳಿಸಿತು. ಸಮಾನತೆಯ ವಿಧಿಯೊಂದೇ ಅದಕ್ಕೆ ಸಾಕಾಯಿತು. ಅದೇ ಜೂನಿನಲ್ಲಿ ಸಂವಿಧಾನದ ಮೊದಲ ತಿದ್ದುಪಡಿ ತಂದು ಭೂ ಕಾನೂನುಗಳನ್ನು ನ್ಯಾಯಾಲಯದ ಕೈಗೆ ಸಿಗದಂತೆ ಮಾಡಲಾಯಿತು. ಆ ದಾರಿ ತೆರೆದಿದ್ದರಿಂದಲೇ ದೇವರಾಜ ಅರಸರ ಸರಕಾರ ಮಾಡಿದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬರಲು ಸಾಧ್ಯವಾಯಿತು. ಗೇಣಿಭೂಮಿ ಸರಕಾರಕ್ಕೆ ಸೇರಿತು. ಗೇಣಿದಾರ ನಮೂನೆ 7ರಲ್ಲಿ ಅರ್ಜಿ ಹಾಕಿದರೆ ತಾಲೂಕಿನ ಭೂ ನ್ಯಾಯಮಂಡಳಿ ವಿಚಾರಿಸುತ್ತಿತ್ತು. ಅಲ್ಲಿ ವಕೀಲರಿಗೆ ಪ್ರವೇಶವಿರಲಿಲ್ಲ! ವಕೀಲರನ್ನಿಡುವ ಶಕ್ತಿ ಧನಿಗಳಿಗಿತ್ತು, ಚಾಲಗೇಣಿಯವನಿಗಿರಲಿಲ್ಲ. ಆದ್ದರಿಂದ ಆ ನಿಷೇಧ ಬಡವನ ರಕ್ಷೆಯಾಯಿತು. ಬಿಲ್ಲವರು, ಬಂಟರು, ಕ್ರೈಸ್ತರು, ಬ್ಯಾರಿಗಳು ಎಂಬ ಭೇದವಿಲ್ಲದೆ ಈ ಜಿಲ್ಲೆಯ ಸಾವಿರಾರು ಒಕ್ಕಲು ಮನೆಗಳು ಅದರಿಂದ ತಲೆಯೆತ್ತಿದವು.

ಅದೇ ವಕೀಲರ ನಿಷೇಧ ಮುನ್ನೆಚ್ಚರಿಕೆಯ ಬಂಧಿತನ ವಿಷಯದಲ್ಲಿ ಏನಾಯಿತು? ಸಲಹಾ ಮಂಡಳಿಯ ಮುಂದೆ ಅವನು ಒಬ್ಬಂಟಿ. ಒಂದೇ ತತ್ವ, ಶಾಸನಸಭೆಯನ್ನು ನಂಬು, ನ್ಯಾಯಾಲಯವನ್ನು ದೂರವಿಡು ಎಂಬ ತತ್ವ, ಒಂದು ಮನೆಗೆ ಗದ್ದೆ ಕೊಟ್ಟಿತು, ಇನ್ನೊಂದು ಮನೆಯ ಮಗನ ಮಾತು ಕಸಿಯಿತು. ನರಸಿಂಗ ರಾಯರು ಸರಿಯೋ ತಪ್ಪೋ ಎಂದು ಯಾರಾದರೂ ನಮ್ಮನ್ನು ಕೇಳಿದರೆ, ಭೂಮಿಯ ಮಟ್ಟಿಗೆ ಆ ತತ್ವ ಸರಿ, ಮನುಷ್ಯನ ದೇಹದ ಮಟ್ಟಿಗೆ ತಪ್ಪು ಎನ್ನುತ್ತೇವೆ. ಆಸ್ತಿಯನ್ನು ಆಗಲೇ ಬೇರ್ಪಡಿಸಿದ್ದರಲ್ಲ, ಉಳಿದದ್ದನ್ನು ಹಾಗೆಯೇ ಬಿಡಬಹುದಿತ್ತು. ಕರೀಮುದ್ದೀನರ ಮಾತು ನಿಲ್ಲುವುದು ಇಲ್ಲಿಯೇ.

ಆ ತಪ್ಪಿನ ಬೆಲೆ 1975ರಲ್ಲಿ ಕಂಡಿತು. ತುರ್ತುಪರಿಸ್ಥಿತಿಯಲ್ಲಿ ಮೀಸಾ ಕಾಯ್ದೆಯಡಿ, ಒಬ್ಬರ ಮುಖ ಒಬ್ಬರು ನೋಡದ ಸಂಘಟನೆಗಳವರೆಲ್ಲ ಒಂದೇ ಜೈಲಿನ ಗಂಜಿ ಕುಡಿದರು. ವಾಜಪೇಯಿ, ಆಡ್ವಾಣಿ ಬೆಂಗಳೂರಿನಲ್ಲೇ ಬಂಧಿತರಾದರು. ಕಲಾವಿದೆ ಸ್ನೇಹಲತಾ ರೆಡ್ಡಿ ಬೆಂಗಳೂರಿನ ಜೈಲಿನಲ್ಲಿ ಕಾಯಿಲೆಗೀಡಾಗಿ, 1977ರ ಜನವರಿಯಲ್ಲಿ ಬಿಡುಗಡೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಬಂಧಿತರು ನ್ಯಾಯಾಲಯಕ್ಕೆ ಹೋಗುವಂತೆಯೇ ಇಲ್ಲ ಎಂದು 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟಿನ ನಾಲ್ವರು ನ್ಯಾಯಮೂರ್ತಿಗಳು ಹೇಳಿದರು. ಎಚ್. ಆರ್. ಖನ್ನಾ ಒಬ್ಬರೇ ವಿರೋಧಿಸಿದರು. ನಾಲ್ವರಲ್ಲಿ ಎಂ. ಎಚ್. ಬೇಗ್ ಕೂಡ ಇದ್ದರೆಂಬುದನ್ನು ಮುಚ್ಚಿಡಬೇಕಾಗಿಲ್ಲ. ನ್ಯಾಯದ ಪರ ನಿಲ್ಲುವುದಕ್ಕೂ ನಿಲ್ಲದಿರುವುದಕ್ಕೂ ಹೆಸರು ಕಾರಣವಲ್ಲ.

1978ರ ಜನವರಿ 25ರಂದು, ಮೇನಕಾ ಗಾಂಧಿಯವರ ಪಾಸ್‌ಪೋರ್ಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತನ್ನ ಹಳೆಯ ಧೋರಣೆಯನ್ನು ಬಿಟ್ಟಿತು. ಕಾರ್ಯವಿಧಾನ ನ್ಯಾಯಸಮ್ಮತವಾಗಿರಬೇಕು, ಮನಬಂದಂತಿರಬಾರದು ಎಂದಿತು. ಫಜಲ್ ಅಲಿಯವರ ಭಿನ್ನಮತ 28 ವರ್ಷಗಳ ನಂತರ ಕಾನೂನಾಯಿತು. ಅವರು 1959ರಲ್ಲೇ ತೀರಿಹೋಗಿದ್ದರು. ನರಸಿಂಗ ರಾಯರು 1953ರಲ್ಲಿ ಜೂರಿಕ್‌ನಲ್ಲಿ ನಿಧನರಾಗಿದ್ದರು. ಗೋಪಾಲನ್ 1977ರ ಮಾರ್ಚ್ 22ರಂದು, ತುರ್ತುಪರಿಸ್ಥಿತಿ ಹಿಂತೆಗೆದ ಮರುದಿನ, ಕಣ್ಣುಮುಚ್ಚಿದ್ದರು.

ಇಷ್ಟಾದರೂ ಕಥೆ ಮುಗಿಯಲಿಲ್ಲ. 1985ರಲ್ಲಿ ಟಾಡಾ, 2002ರಲ್ಲಿ ಪೋಟಾ ಬಂದು ಹೋದವು. 1967ರ ಯು.ಎ.ಪಿ.ಎ. ಕಾಯ್ದೆಗೆ 2008ರಲ್ಲಿ ಆದ ತಿದ್ದುಪಡಿಯಿಂದ ಆರೋಪಪಟ್ಟಿ ಇಲ್ಲದೆ 180 ದಿನಗಳವರೆಗೆ ಇಡಬಹುದು, ಆರೋಪ ಮೇಲ್ನೋಟಕ್ಕೆ ನಿಜವೆಂದು ಕಂಡರೆ ಸಾಕು, ಜಾಮೀನಿಲ್ಲ. ವಿಚಾರಣೆ ಮುಗಿಯದೆ ವರ್ಷಗಟ್ಟಲೆ ಒಳಗಿದ್ದರೆ 21ನೇ ವಿಧಿಯ ಬಲದಿಂದ ಜಾಮೀನು ಕೊಡಬಹುದೆಂದು 2021ರ ಫೆಬ್ರವರಿ 1ರಂದು ನಜೀಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2024ರ ಮೇ 15ರಂದು, ಈ ಕಾಯ್ದೆಯಡಿ ಬಂಧಿಸಿದವನಿಗೂ ಕಾರಣಗಳನ್ನು ಬರಹದಲ್ಲೇ ಕೊಡಬೇಕೆಂದು ಹೇಳಿದೆ. ಹಳೆಯ ವಾಗ್ವಾದ ಇಂದಿಗೂ ಪ್ರಕರಣದಿಂದ ಪ್ರಕರಣಕ್ಕೆ ನಡೆಯುತ್ತಲೇ ಇದೆ.

ನಮ್ಮವರ ಕುರಿತೂ ಎರಡು ಕಹಿ ಮಾತು ಹೇಳಬೇಕು. ಮನೆಯ ಹುಡುಗನನ್ನು ಕರೆದೊಯ್ದರೆ ನಾವು ಮೊದಲು ಓಡುವುದು ರಾಜಕಾರಣಿಯ ಮನೆಗೆ. ಆತ ಠಾಣೆಗೆ ಫೋನು ಮಾಡುತ್ತಾನೆ, ನಾವು ಉಪಕೃತರಾಗುತ್ತೇವೆ, ಅಷ್ಟರಲ್ಲಿ 24 ಗಂಟೆಗಳು ಲೆಕ್ಕವಿಲ್ಲದೆ ಕಳೆದಿರುತ್ತವೆ. ಬಂಧನದ ಸಮಯವನ್ನು ಯಾರೂ ಬರೆದಿಡುವುದಿಲ್ಲ. ಬಂಧನದ ಮೆಮೊ ತಯಾರಿಸಬೇಕು, ಅದಕ್ಕೆ ಸಾಕ್ಷಿಯ ಸಹಿ ಬೇಕು, ಮನೆಯವರಿಗೆ ತಿಳಿಸಬೇಕು ಎಂದು 1996ರ ಡಿಸೆಂಬರ್ 18ರಂದು ಡಿ. ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದ್ದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಬಂಧನದಲ್ಲಿರುವ ಯಾರಿಗೇ ಆಗಲಿ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಪಡೆಯುವ ಹಕ್ಕು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲಿದೆ. ತಾಲೂಕು ಕಾನೂನು ಸೇವಾ ಸಮಿತಿಗೆ ಒಂದು ಅರ್ಜಿ ಸಾಕು. ಇದನ್ನು ಜಮಾಅತಿನ ನೋಟೀಸು ಬೋರ್ಡಿನಲ್ಲಿ ಬರೆದು ಹಾಕಲು ಯಾವ ಖರ್ಚೂ ಇಲ್ಲ.

ಎರಡನೆಯದು, ಮಗನನ್ನು ಇಂಜಿನಿಯರ್ ಮಾಡಬೇಕು, ಗಲ್ಫಿಗೆ ಕಳುಹಿಸಬೇಕು ಎಂಬ ಆಸೆ ತಪ್ಪಲ್ಲ. ಆದರೆ ಕಾನೂನು ಓದುವೆನೆಂದ ಹುಡುಗನಿಗೆ, ವಿಶೇಷವಾಗಿ ಹುಡುಗಿಗೆ, ಅದರಲ್ಲಿ ಏನಿದೆ ಎಂದು ಬಾಯಿ ಮುಚ್ಚಿಸುವುದನ್ನು ನಾವು ಹಲವು ಮನೆಗಳಲ್ಲಿ ಕಂಡಿದ್ದೇವೆ. ಮಂಗಳೂರಿನಲ್ಲೂ ಉಡುಪಿಯಲ್ಲೂ ಕಾನೂನು ಕಾಲೇಜುಗಳಿವೆ. ಇಲ್ಲಿಂದ ಬಸ್ಸಿನಲ್ಲಿ ಹೋಗಿ ಬರುವ ದೂರ. ಸಂವಿಧಾನ ಸಭೆಯ ನಡಾವಳಿಗಳು ಅಚ್ಚಾದ ಸಂಪುಟಗಳಾಗಿ ಲಭ್ಯವಿವೆ. 1948ರ ಡಿಸೆಂಬರ್ 6ರ ಪುಟಗಳಿಂದ ಓದಲು ಆರಂಭಿಸಬಹುದು. ಇಂಗ್ಲಿಷು ಕಷ್ಟವೆನಿಸಿದವರು ಇಬ್ಬರು ಮೂವರು ಕೂಡಿ ಓದಲಿ.

ಸಮಯ ಮೀರಿತು. ಇನ್ನು ಅರ್ಧ ಗಂಟೆ ಪ್ರಶ್ನೆಗಳಿಗೆ ಇದೆಯೆಂದು ಅಧ್ಯಕ್ಷರು ಸೂಚಿಸುತ್ತಿದ್ದಾರೆ. ಹಿಂದಿನ ಸಾಲಿನ ಸಹೋದರಿಯರು ಚೀಟಿಯಲ್ಲಿ ಬರೆದು ಕಳುಹಿಸಬಹುದು, ಎದ್ದು ನಿಂತು ಕೇಳಿದರೆ ಇನ್ನೂ ಸಂತೋಷ.